ಎರಡು ಗೆರೆ ಬಂತು, ಆದರೂ ಮಲೇರಿಯಾ ಅಲ್ಲ

ಮಲಾವಿ ಆಫ್ರಿಕಾದ ಆಗ್ನೇಯ ಭಾಗದ ಒಂದು ಸಣ್ಣ ದೇಶ. ಅಲ್ಲಿನ ಬ್ಲಾಂಟೈರ್ ನಗರದಲ್ಲಿ ಕ್ವೀನ್ ಎಲಿಜಬೆತ್ ಅನ್ನುವ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ. ಮಳೆಗಾಲ ಬಂತೆಂದರೆ ಪ್ರಜ್ಞೆ ತಪ್ಪಿದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ತಾಯಂದಿರು ಇಲ್ಲಿಗೆ ಬರುತ್ತಾರೆ. ಮಗುವಿನ ಮೈ ಸುಡುತ್ತಿರುತ್ತದೆ. ಕರೆದರೆ ಓಗೊಡುವುದಿಲ್ಲ. ಬೆರಳು ಚುಚ್ಚಿ ರಕ್ತ ನೋಡಿದರೆ ಮಲೇರಿಯಾ ರೋಗಾಣು ಕಾಣುತ್ತದೆ. ಬೆನ್ನುಮೂಳೆಯಿಂದ ನೀರು ತೆಗೆದು ನೋಡಿದರೆ ಬೇರೆ ಸೋಂಕಿನ ಸುಳಿವಿಲ್ಲ. ಡಾಕ್ಟರಿಗೆ ಇನ್ನೇನು ಬೇಕು? ಮಿದುಳಿಗೆ ಏರಿದ ಮಲೇರಿಯಾ ಅಂತ ಬರೆದು ಚಿಕಿತ್ಸೆ ಶುರು ಮಾಡುತ್ತಾರೆ. ಎಷ್ಟೋ ಮಕ್ಕಳು ಎರಡು ಮೂರು ದಿನದಲ್ಲಿ ಎದ್ದು ಕೂರುತ್ತಾರೆ. ಕೆಲವರು ಏಳುವುದಿಲ್ಲ.

ಹಾಗೆ ತೀರಿಕೊಂಡ 31 ಮಕ್ಕಳ ಶವಪರೀಕ್ಷೆಯನ್ನು ಟೆರಿ ಟೇಲರ್ ಎಂಬ ವೈದ್ಯೆ ಮತ್ತು ಅವರ ತಂಡ ಮಾಡಿತು. ಫಲಿತಾಂಶ ಹೊರಬಂದದ್ದು 2004ರಲ್ಲಿ. ಮಲೇರಿಯಾದಿಂದ ಸತ್ತಿದ್ದರೆ ಮಿದುಳಿನ ಕೂದಲೆಳೆಯಂಥ ರಕ್ತನಾಳಗಳಲ್ಲಿ ರೋಗಾಣು ಹೊಕ್ಕ ಕೆಂಪು ರಕ್ತಕಣಗಳು ಒತ್ತೊತ್ತಾಗಿ ಅಂಟಿಕೊಂಡಿರಬೇಕು. ಹೆಚ್ಚಿನ ಮಕ್ಕಳಲ್ಲಿ ಹಾಗೇ ಇತ್ತು. ಆದರೆ ಏಳು ಮಕ್ಕಳ ಮಿದುಳಿನಲ್ಲಿ ಅಂಥದ್ದೇನೂ ಇರಲಿಲ್ಲ. ಅವರ ಸಾವಿಗೆ ಕಾರಣ ಬೇರೆಯೇ ಇತ್ತು.

ಲ್ಯಾಬಿನವರು ತಪ್ಪು ಮಾಡಿದ್ದರಾ? ಇಲ್ಲ. ರಕ್ತದಲ್ಲಿ ರೋಗಾಣು ನಿಜವಾಗಿಯೂ ಇತ್ತು. ಸಂಗತಿ ಏನೆಂದರೆ, ಅದೇ ಊರಿನಲ್ಲಿ ಅದೇ ದಿನ ಚೆಂಡು ಒದೆಯುತ್ತಾ ಓಡಾಡುತ್ತಿದ್ದ ಮಕ್ಕಳ ರಕ್ತ ತೆಗೆದಿದ್ದರೂ ಎಷ್ಟೋ ಜನರಲ್ಲಿ ಅದು ಸಿಗುತ್ತಿತ್ತು. ರೋಗಾಣು ಮೈಯಲ್ಲಿದೆ ಅನ್ನುವುದು ಒಂದು ಮಾತು. ಈ ಕಾಯಿಲೆ ಅದರಿಂದಲೇ ಬಂದಿದೆ ಅನ್ನುವುದು ಇನ್ನೊಂದು ಮಾತು. ಈ ಎರಡರ ನಡುವೆ ಕೂತಿರುವುದು ಮನುಷ್ಯನ ರೋಗನಿರೋಧಕ ಶಕ್ತಿ. ಆಫ್ರಿಕಾದಲ್ಲಿ ಎಪ್ಪತ್ತು ವರ್ಷಗಳಿಂದ ನಡೆದಿರುವ ಸಂಶೋಧನೆಯ ದೊಡ್ಡ ಪಾಲು ಈ ನಡುವಿನ ಜಾಗದ್ದೇ.

ಮಲೇರಿಯಾದ ಅಂಕಿಅಂಶ ಒಮ್ಮೆ ನೋಡಿಬಿಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ಪ್ರಪಂಚದಲ್ಲಿ ಸುಮಾರು 26 ಕೋಟಿ 30 ಲಕ್ಷ ಮಲೇರಿಯಾ ಪ್ರಕರಣಗಳಿದ್ದವು. ಸತ್ತವರು ಸುಮಾರು 5 ಲಕ್ಷ 97 ಸಾವಿರ. ಈ ಸಾವುಗಳಲ್ಲಿ ಶೇ. 95ರಷ್ಟು ಆಫ್ರಿಕಾ ವಲಯದಲ್ಲೇ ಆದವು. ಅಲ್ಲಿ ಸತ್ತವರಲ್ಲಿ ಮುಕ್ಕಾಲು ಪಾಲು ಐದು ವರ್ಷದ ಒಳಗಿನ ಮಕ್ಕಳು. ಅದೇ ಸೊಳ್ಳೆ ಅಪ್ಪನಿಗೂ ಕಚ್ಚುತ್ತದೆ, ಅಮ್ಮನಿಗೂ ಕಚ್ಚುತ್ತದೆ. ಸಾಯುವುದು ಮಾತ್ರ ಮಗು. ಯಾಕೆ?

ರೋಗಾಣುವಿನ ಜೊತೆ ಸಂಸಾರ

ಅಲ್ಲಿನ ಮಲೇರಿಯಾ ಹೆಚ್ಚಾಗಿ ಫಾಲ್ಸಿಪಾರಂ ಜಾತಿಯದು. ನಮ್ಮ ಮಂಗಳೂರಿನವರಿಗೆ ಜಾಸ್ತಿ ಪರಿಚಯ ಇರುವುದು ವೈವಾಕ್ಸ್. ಅದು ಮೈ ನಡುಗಿಸಿ ಸುಸ್ತು ಮಾಡುತ್ತದೆ, ವಾಸಿಯಾಯಿತು ಅಂದುಕೊಂಡ ಮೇಲೂ ಮರಳಿ ಬರುತ್ತದೆ, ಆದರೆ ಕೊಲ್ಲುವುದು ಕಡಿಮೆ. ಫಾಲ್ಸಿಪಾರಂ ಹಾಗಲ್ಲ. ಅದು ಕೆಂಪು ರಕ್ತಕಣದೊಳಗೆ ಹೊಕ್ಕ ಮೇಲೆ ಕಣದ ಮೈಮೇಲೆ ಒಂದು ಅಂಟು ಪ್ರೋಟೀನನ್ನು ತಂದು ನಿಲ್ಲಿಸುತ್ತದೆ. ಆ ಅಂಟಿನಿಂದ ಕಣ ರಕ್ತನಾಳದ ಗೋಡೆಗೆ ಕಚ್ಚಿಕೊಂಡು ಕೂರುತ್ತದೆ. ಯಾಕೆಂದರೆ ರಕ್ತದ ಜೊತೆ ಹರಿದುಹೋದರೆ ಗುಲ್ಮದ ಜರಡಿಗೆ ಸಿಕ್ಕಿ ನಾಶವಾಗಬೇಕಾಗುತ್ತದೆ. ಮಿದುಳಿನ ನಾಳಗಳಲ್ಲಿ ಹೀಗೆ ಗುಂಪುಗೂಡಿದಾಗಲೇ ಮಗು ಪ್ರಜ್ಞೆ ತಪ್ಪುವುದು.

ಅಂಟು ಹೊರಗೆ ಕಾಣುವ ಕಡೆಯೇ ಇರುವುದರಿಂದ ನಮ್ಮ ದೇಹ ಅದನ್ನು ಗುರುತಿಸಿ ಅದಕ್ಕೆ ತಕ್ಕ ಪ್ರತಿಕಾಯವನ್ನು, ಅಂದರೆ ಅದನ್ನು ಹಿಡಿದು ತಡೆಯುವ ಪ್ರೋಟೀನನ್ನು, ತಯಾರಿಸುತ್ತದೆ. ಅಷ್ಟರಲ್ಲಿ ರೋಗಾಣು ವೇಷ ಬದಲಿಸಿರುತ್ತದೆ. ಒಂದೊಂದು ಫಾಲ್ಸಿಪಾರಂ ಬಳಿಯೂ ಸುಮಾರು 60 ಬಗೆಯ ಅಂಟಿನ ಜೀನ್‌ಗಳಿರುತ್ತವೆ. ಒಂದು ಹೊತ್ತಿಗೆ ಒಂದನ್ನೇ ಹೊರಗೆ ತೋರಿಸುತ್ತದೆ. ಯಕ್ಷಗಾನದ ಚೌಕಿಯಲ್ಲಿ ಕೂತ ಒಬ್ಬನೇ ಕಲಾವಿದ ರಾತ್ರಿಯಿಡೀ ಬೇರೆ ಬೇರೆ ವೇಷ ಕಟ್ಟಿ ರಂಗಕ್ಕೆ ಬಂದ ಹಾಗೆ. ಸಾಲದ್ದಕ್ಕೆ ನೆರೆಯೂರಿನ ರೋಗಾಣುವಿನ ಪೆಟ್ಟಿಗೆಯಲ್ಲಿ ಬೇರೆಯದೇ 60 ವೇಷ ಇರುತ್ತವೆ.

ಹಾಗಾಗಿ ಈ ನಿರೋಧಕ ಶಕ್ತಿ ದಡಾರದ್ದರ ಹಾಗೆ ಒಂದೇ ಸಲಕ್ಕೆ ಬರುವುದಿಲ್ಲ. ಹುಟ್ಟಿದ ಮೊದಲ ತಿಂಗಳುಗಳಲ್ಲಿ ತಾಯಿಯಿಂದ ಬಂದ ಪ್ರತಿಕಾಯ ಮಗುವನ್ನು ಸ್ವಲ್ಪ ಕಾಯುತ್ತದೆ. ಅದು ಕರಗಿದ ಮೇಲೆ ಶುರುವಾಗುತ್ತದೆ ಅಪಾಯದ ಕಾಲ. ಜ್ವರದ ಮೇಲೆ ಜ್ವರ ತಿಂದು ಬದುಕಿದ ಮಗುವಿಗೆ ಮೊದಲು ಬರುವುದು ಸಾಯದೆ ಉಳಿಯುವ ಶಕ್ತಿ. ಆಮೇಲೆ ನಿಧಾನವಾಗಿ, ಎಷ್ಟೋ ವರ್ಷ ಕಳೆದ ಮೇಲೆ, ಜ್ವರವೇ ಬಾರದಿರುವ ಶಕ್ತಿ. ರೋಗಾಣುವನ್ನು ಮೈಯೊಳಗೆ ಬಿಟ್ಟುಕೊಳ್ಳದಿರುವ ಶಕ್ತಿ ಮಾತ್ರ ಪೂರ್ತಿಯಾಗಿ ಯಾರಿಗೂ ಬರುವುದಿಲ್ಲ ಅನ್ನಬಹುದು. ದೊಡ್ಡವರು ರಕ್ತದಲ್ಲಿ ನಾಲ್ಕಾರು ರೋಗಾಣು ಇಟ್ಟುಕೊಂಡೇ ಹೊಲಕ್ಕೆ ಹೋಗಿ ಬರುತ್ತಿರುತ್ತಾರೆ. ಅವರೇ ಊರು ಬಿಟ್ಟು ಲಂಡನ್ನಿನಲ್ಲೋ ಪ್ಯಾರಿಸ್ಸಿನಲ್ಲೋ ಕೆಲವು ವರ್ಷ ಇದ್ದರೆ ಈ ಶಕ್ತಿ ತಗ್ಗುತ್ತದೆ. ರಜೆಗೆಂದು ತವರಿಗೆ ಹೋಗಿ ಬಂದವರು ಮಲೇರಿಯಾ ಬಂದು ಆಸ್ಪತ್ರೆ ಸೇರುವುದು ಯುರೋಪಿನ ಡಾಕ್ಟರುಗಳಿಗೆ ಹೊಸದೇನಲ್ಲ.

ದೊಡ್ಡವರ ಆ ಶಕ್ತಿ ರಕ್ತದಲ್ಲೇ ಇದೆ ಅನ್ನುವುದಕ್ಕೆ ಪುರಾವೆ ಸಿಕ್ಕಿದ್ದು ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ, 1961ರಲ್ಲಿ. ಇಯಾನ್ ಮೆಕ್‌ಗ್ರೆಗರ್ ಮತ್ತು ಜೊತೆಗಾರರು ಅಲ್ಲಿನ ವಯಸ್ಕರ ರಕ್ತದಿಂದ ಪ್ರತಿಕಾಯಗಳಿರುವ ಭಾಗವನ್ನು ಬೇರ್ಪಡಿಸಿ, ಮಲೇರಿಯಾ ಬಂದು ಮಲಗಿದ್ದ ಮಕ್ಕಳಿಗೆ ಸೂಜಿ ಮೂಲಕ ಕೊಟ್ಟರು. ಮಕ್ಕಳ ರಕ್ತದಲ್ಲಿದ್ದ ರೋಗಾಣುಗಳ ಸಂಖ್ಯೆ ಕೆಲವೇ ದಿನಗಳಲ್ಲಿ ಇಳಿದುಹೋಯಿತು. ಬ್ರಿಟನ್ನಿನ ಜನರ ರಕ್ತದಿಂದ ತೆಗೆದದ್ದು ಏನೂ ಮಾಡಲಿಲ್ಲ. ಮೂವತ್ತು ವರ್ಷದ ನಂತರ ಐವರಿ ಕೋಸ್ಟಿನ ವಯಸ್ಕರ ಪ್ರತಿಕಾಯವನ್ನು ಥಾಯ್ಲೆಂಡಿನ ರೋಗಿಗಳಿಗೆ ಕೊಟ್ಟು ನೋಡಿದರು. ಅಲ್ಲೂ ಕೆಲಸ ಮಾಡಿತು. ಆಫ್ರಿಕಾದ ರೈತರ ರಕ್ತ ಕಲಿತ ಪಾಠ ಏಷ್ಯಾದ ರೋಗಾಣುವಿನ ಮೇಲೂ ನಡೆಯುತ್ತದೆ ಅಂದರೆ, ಅಷ್ಟೆಲ್ಲ ವೇಷಗಳ ಹಿಂದೆ ಬದಲಾಗದ ಮುಖ ಒಂದು ಎಲ್ಲೋ ಇರಲೇಬೇಕು. ಅದು ಯಾವುದು ಅಂತ ಲಸಿಕೆ ಮಾಡುವವರು ಈಗಲೂ ಹುಡುಕುತ್ತಿದ್ದಾರೆ.

ಇಲ್ಲೊಂದು ವಿಚಿತ್ರ ಇದೆ. ನನ್ನ ಮಟ್ಟಿಗೆ ಇಡೀ ಮಲೇರಿಯಾ ಕಥೆಯಲ್ಲಿ ಇದರಷ್ಟು ಸೊಗಸಾದ ಒಗಟು ಇನ್ನೊಂದಿಲ್ಲ. ಇಪ್ಪತ್ತು ವರ್ಷ ಮಲೇರಿಯಾ ಊರಿನಲ್ಲೇ ಬೆಳೆದು ಗಟ್ಟಿಯಾದ ಹೆಣ್ಣುಮಗಳು ಚೊಚ್ಚಲ ಬಸುರಿಯಾದಾಗ ಮತ್ತೆ ಮಲೇರಿಯಾಕ್ಕೆ ಸೋಲುತ್ತಾಳೆ. ರಕ್ತಹೀನತೆ ಬರುತ್ತದೆ, ಕೂಸು ತೂಕ ಇಲ್ಲದೆ ಹುಟ್ಟುತ್ತದೆ. ಎರಡನೆಯ, ಮೂರನೆಯ ಬಸಿರಿಗೆ ತೊಂದರೆ ಕಡಿಮೆಯಾಗುತ್ತಾ ಹೋಗುತ್ತದೆ. ಬಸಿರಿನಲ್ಲಿ ಶಕ್ತಿ ಕುಂದುತ್ತದೆ ಅಂತ ಸುಮ್ನೆ ಹೇಳಿ ಮುಗಿಸುವ ಹಾಗಿಲ್ಲ. ಹಾಗಿದ್ದರೆ ಪ್ರತಿ ಬಸಿರಿನಲ್ಲೂ ಕುಂದಬೇಕಿತ್ತಲ್ವಾ? ಮಿಕಲ್ ಫ್ರೀಡ್ ಮತ್ತು ಪ್ಯಾಟ್ರಿಕ್ ಡಫಿ ಕೀನ್ಯಾದಲ್ಲಿ ಕೆಲಸ ಮಾಡಿ 1996ರಲ್ಲಿ ಉತ್ತರದ ಎಳೆ ಹಿಡಿದರು. ರೋಗಾಣುವಿನ ವೇಷಗಳಲ್ಲಿ ಒಂದು ವೇಷಕ್ಕೆ ಕಚ್ಚಿಕೊಳ್ಳಲು ತಕ್ಕ ಜಾಗ ಇರುವುದು ಮಾಸಿನಲ್ಲಿ, ಅಂದರೆ ಹೊಟ್ಟೆಯಲ್ಲಿರುವ ಕೂಸಿಗೆ ತಾಯಿಯಿಂದ ಆಹಾರ ಸಾಗಿಸುವ ಅಂಗದಲ್ಲಿ ಮಾತ್ರ. ಮಾಸು ಇಲ್ಲದ ದೇಹದಲ್ಲಿ ಆ ವೇಷಕ್ಕೆ ಕೆಲಸವಿಲ್ಲ. ಹಾಗಾಗಿ ಹುಡುಗಿಯ ದೇಹ ಅದನ್ನು ಕಂಡೇ ಇರುವುದಿಲ್ಲ. ಮೊದಲ ಬಸಿರಿನಲ್ಲಿ ಅದರ ಪರಿಚಯವಾಗುತ್ತದೆ, ಮುಂದಿನದಕ್ಕೆ ಪ್ರತಿಕಾಯ ತಯಾರಿರುತ್ತದೆ.

ಇದರಿಂದ ಪರೀಕ್ಷೆಗೆ ಬರುವ ಫಜೀತಿ ನೋಡಿ. ಆಕೆಯ ಬೆರಳ ತುದಿಯ ರಕ್ತ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಏನೂ ಕಾಣದಿರಬಹುದು. ರೋಗಾಣು ಅಷ್ಟೂ ಮಾಸಿನಲ್ಲಿ ಅಡಗಿ ಕೂತಿರುತ್ತದೆ. ಬ್ಲಾಂಟೈರ್‌ನಲ್ಲಿ ರೋಗಾಣು ಕಂಡಿತು, ಕಾಯಿಲೆ ಅದರದಾಗಿರಲಿಲ್ಲ. ಇಲ್ಲಿ ಕಾಯಿಲೆ ಅದರದ್ದೇ, ಕಾಣುವುದು ಮಾತ್ರ ಇಲ್ಲ.

ಹುಟ್ಟಿನಿಂದಲೇ ಬಂದ ಕಾವಲು

ಕಲಿತು ಬರುವ ಶಕ್ತಿ ಒಂದು ಬಗೆ. ಅಪ್ಪ ಅಮ್ಮನಿಂದ ಬರುವುದು ಇನ್ನೊಂದು.

ಕೀನ್ಯಾದಲ್ಲಿ ಬೆಳೆದ ಆಂಥನಿ ಆಲಿಸನ್ ಎಂಬ ವೈದ್ಯರಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಸಿಕಲ್ ಸೆಲ್ ಜೀನ್ ಕರಾವಳಿಯಲ್ಲೂ ವಿಕ್ಟೋರಿಯಾ ಸರೋವರದ ಸುತ್ತಲೂ ಹೆಚ್ಚು, ತಣ್ಣನೆಯ ಎತ್ತರದ ಸೀಮೆಯಲ್ಲಿ ಕಡಿಮೆ. ಮಲೇರಿಯಾ ಹಂಚಿಕೆಯೂ ಹಾಗೇ. ಈ ಜೀನ್ ತಂದೆ ತಾಯಿ ಇಬ್ಬರಿಂದಲೂ ಬಂದರೆ ರಕ್ತಕಣ ಕುಡಗೋಲಿನ ಹಾಗೆ ಬಾಗಿ, ಚಿಕಿತ್ಸೆ ಸಿಗದಿದ್ದರೆ ಮಗು ಸಾಯುತ್ತದೆ. ಒಬ್ಬರಿಂದ ಮಾತ್ರ ಬಂದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಇಷ್ಟು ಕೆಟ್ಟ ಜೀನ್ ಅಳಿದುಹೋಗದೆ ಉಳಿದಿದೆ ಅಂದರೆ ಅದರಿಂದ ಏನೋ ಲಾಭ ಇರಬೇಕು ಅಂತ ಅವರು ಊಹಿಸಿದರು. 1954ರಲ್ಲಿ ಅದನ್ನು ಪ್ರಕಟಿಸಿದರು. ಊಹೆ ಸರಿಯೋ ಅಂತ ನೋಡಲು ಲುವೊ ಜನಾಂಗದ 30 ಗಂಡಸರಿಗೆ ಬೇಕೆಂದೇ ಮಲೇರಿಯಾ ಸೋಂಕು ಕೊಟ್ಟಿದ್ದರು. ಜೀನ್ ಇಲ್ಲದ 15 ಜನರಲ್ಲಿ 14 ಜನರಿಗೆ ರೋಗಾಣು ಹತ್ತಿತು. ಒಂದು ಪ್ರತಿ ಇದ್ದ 15 ಜನರಲ್ಲಿ ಇಬ್ಬರಿಗೆ ಮಾತ್ರ. ಇವತ್ತು ಅಂಥ ಪ್ರಯೋಗವನ್ನು ಆ ರೀತಿ ಮಾಡಲು ಯಾವ ನೈತಿಕ ಸಮಿತಿಯೂ ಒಪ್ಪಲಿಕ್ಕಿಲ್ಲ, ಒಪ್ಪಲೂಬಾರದು.

ಇದು ಆಫ್ರಿಕಾದ್ದೇ ವಿಷಯ ಅಂದುಕೊಳ್ಳಬೇಡಿ. ನಮ್ಮ ಚಾಮರಾಜನಗರದ ಗಡಿಯಾಚೆಗಿನ ನೀಲಗಿರಿಯ ಬುಡಕಟ್ಟು ಜನರಲ್ಲಿ ಸಿಕಲ್ ಸೆಲ್ ಇರುವುದು 1952ರಲ್ಲೇ ಗೊತ್ತಾಗಿತ್ತು.

ಮುಂದಿನ ಕೆಲಸ ಬಹಳಷ್ಟು ನಡೆದದ್ದು ಕೀನ್ಯಾದ ಕರಾವಳಿಯ ಕಿಲಿಫಿಯಲ್ಲಿ. 1989ರಲ್ಲಿ ಅಲ್ಲೊಂದು ಸಂಶೋಧನಾ ಕೇಂದ್ರ ಶುರುವಾಯಿತು. ಸಿಕಲ್ ಜೀನ್ ಒಂದೇ ಇದ್ದರೆ ತೀವ್ರ ಮಲೇರಿಯಾದಿಂದ ಸುಮಾರು ಶೇ. 90ರಷ್ಟು ರಕ್ಷಣೆ ಸಿಗುತ್ತದೆ ಅಂತ ಇಂಥ ಅಧ್ಯಯನಗಳಿಂದ ಖಚಿತವಾಯಿತು. ಆಲ್ಫಾ ಥಲಸ್ಸೀಮಿಯಾ ಅನ್ನುವ ಇನ್ನೊಂದು ರಕ್ತದೋಷವೂ ಸ್ವಲ್ಪ ಕಾಯುತ್ತದೆ. ಹಾಗಾದರೆ ಎರಡೂ ಇದ್ದವರಿಗೆ ಡಬಲ್ ರಕ್ಷಣೆ ಅಲ್ವಾ? ಲೆಕ್ಕ ಹಾಗೆ ಕೂಡಲಿಲ್ಲ. ಎರಡೂ ಒಟ್ಟಿಗೆ ಬಂದ ಮಕ್ಕಳಲ್ಲಿ ಒಂದು ಇನ್ನೊಂದನ್ನು ಹೊಡೆದುಹಾಕಿ ರಕ್ಷಣೆಯೇ ಹೆಚ್ಚುಕಡಿಮೆ ಇಲ್ಲವಾಯಿತು. 2005ರಲ್ಲಿ ಈ ಫಲಿತಾಂಶ ಬಂದಾಗ ಅದನ್ನು ಯಾರೂ ನಿರೀಕ್ಷಿಸಿರಲಿಲ್ಲ ಅಂತಲೇ ಅನ್ನಿಸುತ್ತದೆ. ಆಮೇಲೆ ಡಾಂಟು ಅನ್ನುವ ಅಪರೂಪದ ರಕ್ತದ ಗುಂಪು ಬೆಳಕಿಗೆ ಬಂತು. ಅದಿದ್ದವರ ಕೆಂಪುಕಣದ ಹೊರಪೊರೆ ಡೋಲಿನ ಚರ್ಮದಂತೆ ಬಿಗಿ. ರೋಗಾಣುವಿಗೆ ಒಳಗೆ ನುಗ್ಗಲು ಕಷ್ಟವಾಗುತ್ತದೆ.

ವೈವಾಕ್ಸ್ ಕಥೆ ಬೇರೆ. ಕೆಂಪುಕಣದ ಮೇಲೆ ಡಫಿ ಅನ್ನುವ ಒಂದು ಗುರುತು ಇರುತ್ತದೆ (ಮೇಲೆ ಹೇಳಿದ ಪ್ಯಾಟ್ರಿಕ್ ಡಫಿಗೂ ಇದಕ್ಕೂ ಸಂಬಂಧವಿಲ್ಲ). ವೈವಾಕ್ಸ್‌ಗೆ ಅದೇ ಬಾಗಿಲು ಅಂತ 1970ರ ದಶಕದಲ್ಲಿ ಲೂಯಿಸ್ ಮಿಲ್ಲರ್ ತಂಡ ತೋರಿಸಿಕೊಟ್ಟಿತು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬಹುತೇಕ ಜನರ ಕಣದಲ್ಲಿ ಈ ಬಾಗಿಲೇ ಇಲ್ಲ. ಅಲ್ಲಿಂದ ‘ಆಫ್ರಿಕಾದಲ್ಲಿ ವೈವಾಕ್ಸ್ ಇಲ್ಲ’ ಅನ್ನುವುದು ಪಠ್ಯಪುಸ್ತಕದ ಮಾತಾಯಿತು. ಇಲ್ಲ ಅಂದಮೇಲೆ ಹುಡುಕುವವರು ಯಾರು? ಆ ಖಂಡದಲ್ಲಿ ಹೆಚ್ಚು ಬಳಕೆಯಾಗುವ ಮಲೇರಿಯಾ ಪರೀಕ್ಷೆಯ ಕಿಟ್‌ಗಳು ಫಾಲ್ಸಿಪಾರಂ ಒಂದನ್ನೇ ಹಿಡಿಯುವಂಥವು. ಆದರೆ 2010ರಲ್ಲಿ ಮಡಗಾಸ್ಕರ್‌ನಿಂದ ವರದಿ ಬಂತು, ಡಫಿ ಇಲ್ಲದವರಲ್ಲೂ ವೈವಾಕ್ಸ್ ಇದೆ ಅಂತ. ಆಮೇಲೆ ಬೇರೆ ದೇಶಗಳಿಂದಲೂ ಬಂತು. ನಾವು ಹುಡುಕದ್ದನ್ನು ಕಿಟ್ ತಾನಾಗಿ ತೋರಿಸುವುದಿಲ್ಲ.

ಜ್ವರ ಅಂದರೆ ಮಲೇರಿಯಾ ಅನ್ನುತ್ತಿದ್ದ ಕಾಲ

ಎಷ್ಟೋ ವರ್ಷ ಆಫ್ರಿಕಾದ ಹಳ್ಳಿಗಳಲ್ಲಿ ಪರೀಕ್ಷೆಯ ಮಾತೇ ಇರಲಿಲ್ಲ. ಮಗುವಿಗೆ ಜ್ವರವಾ? ಮಲೇರಿಯಾ ಮಾತ್ರೆ ಕೊಡಿ, ಅಷ್ಟೆ. ಮಾತ್ರೆ ಅಗ್ಗ, ಸಾವು ದುಬಾರಿ, ಹಾಗಾಗಿ ಅದರಲ್ಲಿ ತರ್ಕ ಇತ್ತು. ಆದರೆ ತಾಂಜಾನಿಯಾದಲ್ಲಿ ಕೂತು ಲೆಕ್ಕ ಹಾಕಿದವರು ಬೆಚ್ಚಿಬಿದ್ದರು. ತೀವ್ರ ಮಲೇರಿಯಾ ಅಂತ ಆಸ್ಪತ್ರೆ ಸೇರಿದ 4,474 ಜನರ ರಕ್ತಲೇಪನವನ್ನು ಸರಿಯಾಗಿ ನೋಡಿದಾಗ ರೋಗಾಣು ಸಿಕ್ಕಿದ್ದು ಶೇ. 46ರಷ್ಟು ಜನರಲ್ಲಿ ಮಾತ್ರ. ಇದು 2004ರ ಮಾತು. ಉತ್ತರ ತಾಂಜಾನಿಯಾದ ಮೋಶಿಯಲ್ಲಿ ಇನ್ನೂ ಕೆಟ್ಟ ಚಿತ್ರ ಸಿಕ್ಕಿತು. ಜ್ವರದಿಂದ ದಾಖಲಾದ 870 ಜನರಲ್ಲಿ ಶೇ. 60ಕ್ಕಿಂತ ಹೆಚ್ಚು ಜನರಿಗೆ ಡಾಕ್ಟರು ಮಲೇರಿಯಾ ಅಂದಿದ್ದರು. ನಿಜಕ್ಕೂ ಮಲೇರಿಯಾ ಇದ್ದದ್ದು 14 ಜನರಿಗೆ. ಉಳಿದವರಲ್ಲಿ ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಇತ್ತು, ಇಲಿಜ್ವರ ಇತ್ತು, ದನಕರುಗಳಿಂದ ಬರುವ ಜ್ವರಗಳಿದ್ದವು. ಮಲೇರಿಯಾ ಅನ್ನುವ ಒಂದೇ ಹೆಸರಿನ ಕೆಳಗೆ ಹತ್ತಾರು ಕಾಯಿಲೆ ಮುಚ್ಚಿಹೋಗಿದ್ದವು.

ಪರೀಕ್ಷೆ ಮಾಡದೆ ಮಾತ್ರೆ ಕೊಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೇಳಿತು. ಸೂಕ್ಷ್ಮದರ್ಶಕ ಇಲ್ಲದ ಊರುಗಳಿಗೆ ದಾರಿ ಮಾಡಿಕೊಟ್ಟದ್ದು ಕಿಟ್. ಕೋವಿಡ್ ಕಾಲದಲ್ಲಿ ನಾವೆಲ್ಲ ಮನೆಯಲ್ಲೇ ಮಾಡಿಕೊಂಡೆವಲ್ಲ, ಅದೇ ಥರದ್ದು. ಒಂದು ಹನಿ ರಕ್ತ, ಮೇಲೊಂದಿಷ್ಟು ದ್ರಾವಣ. ಅದು ಪಟ್ಟಿಯಲ್ಲಿ ಬತ್ತಿಗೆ ಎಣ್ಣೆ ಏರಿದ ಹಾಗೆ ಸಾಗುತ್ತದೆ. ಫಾಲ್ಸಿಪಾರಂ ಹೊರಬಿಡುವ ಎಚ್‌ಆರ್‌ಪಿ-2 ಎಂಬ ಪ್ರೋಟೀನ್ ಇದ್ದರೆ ಬಣ್ಣದ ಕಣ ಹೊತ್ತ ಪ್ರತಿಕಾಯ ಅದನ್ನು ಹಿಡಿದುಕೊಂಡು ಹೋಗಿ ಒಂದು ಕಡೆ ನಿಲ್ಲುತ್ತದೆ. ಗೆರೆ ಮೂಡುತ್ತದೆ. ಇನ್ನೊಂದು ಗೆರೆ ಕಿಟ್ ಸರಿಯಿದೆ ಅಂತ ಹೇಳಲು. ಎರಡು ಗೆರೆ ಬಂದರೆ ಪಾಸಿಟಿವ್.

ಒಳ್ಳೆಯದೇ. ಆದರೆ ಈ ಪ್ರೋಟೀನ್ ರೋಗಾಣು ಸತ್ತ ಮೇಲೂ ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಹೋದ ತಿಂಗಳು ಮಲೇರಿಯಾ ಬಂದು ವಾಸಿಯಾದ ಮಗುವಿಗೆ ಈ ತಿಂಗಳು ನ್ಯುಮೋನಿಯಾ ಬಂದರೆ ಕಿಟ್ ಎರಡು ಗೆರೆಯನ್ನೇ ತೋರಿಸಬಹುದು. ಅದೂ ಅಲ್ಲದೆ ನಿರೋಧಕ ಶಕ್ತಿ ಬಂದ ದೊಡ್ಡ ಮಕ್ಕಳಲ್ಲಿ ತೊಂದರೆ ಕೊಡದ ರೋಗಾಣು ಹೇಗೂ ಇರುತ್ತದೆ. ಹಾಗಾಗಿ ಲಸಿಕೆಯ ಪ್ರಯೋಗ ಮಾಡುವವರು ರೋಗಾಣು ಇದೆಯೋ ಇಲ್ಲವೋ ಅಂತ ಕೇಳಿ ಸುಮ್ಮನಾಗುವುದಿಲ್ಲ, ಎಷ್ಟಿದೆ ಅಂತ ಕೇಳುತ್ತಾರೆ. ಆರ್‌ಟಿಎಸ್,ಎಸ್ ಎಂಬ ಮಲೇರಿಯಾ ಲಸಿಕೆಯ ದೊಡ್ಡ ಪ್ರಯೋಗದಲ್ಲಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ 5,000ಕ್ಕಿಂತ ಹೆಚ್ಚು ರೋಗಾಣು ಇದ್ದು, ಜ್ವರವೂ ಇದ್ದರೆ ಮಾತ್ರ ಅದನ್ನು ಮಲೇರಿಯಾ ಕಾಯಿಲೆ ಅಂತ ಮುಖ್ಯ ಲೆಕ್ಕಕ್ಕೆ ಹಿಡಿದರು.

ಕಿಟ್‌ಗೆ ಕಾಣದ ರೋಗಾಣು

ಕೆಂಪು ಸಮುದ್ರದ ದಡದ ಎರಿಟ್ರಿಯಾದಲ್ಲಿ ಆದದ್ದು ಇನ್ನೂ ಸ್ವಾರಸ್ಯ. ಘಿಂಡೆ ಮತ್ತು ಮಸಾವಾ ಎಂಬ ಊರುಗಳ ಆಸ್ಪತ್ರೆಗಳಲ್ಲಿ ಜ್ವರದವರು ಬಂದರು. ಕಿಟ್‌ನಲ್ಲಿ ಒಂದೇ ಗೆರೆ, ಅಂದರೆ ನೆಗೆಟಿವ್. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಾಶಿ ರೋಗಾಣು! ಕಿಟ್ ಹಾಳಾಗಿದೆಯಾ, ಬಿಸಿಲಿಗೆ ಕೆಟ್ಟಿದೆಯಾ ಅಂತ ನೋಡಿದರೆ ಅದೂ ಅಲ್ಲ. 2016ರಲ್ಲಿ ತೆಗೆದ ಮಾದರಿಗಳ ಜೀನ್ ನೋಡಿದಾಗ ನಿಜ ಗೊತ್ತಾಯಿತು. ಘಿಂಡೆಯ ಮಾದರಿಗಳಲ್ಲಿ ಶೇ. 80ರಷ್ಟರಲ್ಲಿ, ಮಸಾವಾದವುಗಳಲ್ಲಿ ಶೇ. 40ಕ್ಕೂ ಹೆಚ್ಚಿನವುಗಳಲ್ಲಿ ಎಚ್‌ಆರ್‌ಪಿ-2 ತಯಾರಿಸುವ ಜೀನೇ ಕಳಚಿಹೋಗಿತ್ತು. ಆ ಪ್ರೋಟೀನ್ ಇಲ್ಲದೆಯೂ ರೋಗಾಣು ಬದುಕುತ್ತದೆ.

ಇದರ ಹಿಂದಿನ ಲೆಕ್ಕ ಸರಳ. ಕಿಟ್‌ಗೆ ಸಿಕ್ಕಿದ ರೋಗಾಣುವಿಗೆ ಔಷಧಿ ಬೀಳುತ್ತದೆ, ಅದು ಸಾಯುತ್ತದೆ. ಸಿಗದೆ ಇದ್ದದ್ದು ರೋಗಿಯ ಮೈಯಲ್ಲೇ ಉಳಿದು ಮುಂದಿನ ಸೊಳ್ಳೆ ಹತ್ತುತ್ತದೆ. ಕಳೆ ಕೀಳುವಾಗ ಪೈರಿನ ಹಾಗೇ ಕಾಣುವ ಕಳೆ ತಪ್ಪಿಸಿಕೊಂಡು ಬೀಜ ಉದುರಿಸುತ್ತದಲ್ಲ, ಹಾಗೆ. ಔಷಧಿಗೆ ಬಗ್ಗದ ರೋಗಾಣು ನಮಗೆ ಗೊತ್ತು. ಪರೀಕ್ಷೆಗೇ ಬಗ್ಗದ ರೋಗಾಣು ಇದು.

ಆಫ್ರಿಕಾದಲ್ಲಿ ಈ ಕಾಟ ಜೋರಾಗಿ ಕಂಡದ್ದು ಮಲೇರಿಯಾ ವಿಪರೀತ ಇರುವ ಕಾಂಗೋ ನೈಜೀರಿಯಾಗಳಲ್ಲಿ ಅಲ್ಲ, ಅದು ಕಡಿಮೆ ಇರುವ ಎರಿಟ್ರಿಯಾದಲ್ಲಿ. ಅದಕ್ಕೂ ಕಾರಣ ಇದೆ. ಮಲೇರಿಯಾ ತುಂಬಿದ ಊರಿನ ಮಗುವಿನ ರಕ್ತದಲ್ಲಿ ಒಂದೇ ಹೊತ್ತಿಗೆ ನಾಲ್ಕಾರು ತಳಿಯ ರೋಗಾಣು ಇರುತ್ತವೆ. ಒಂದಕ್ಕೆ ಜೀನ್ ಇಲ್ಲದಿದ್ದರೂ ಪಕ್ಕದ್ದು ಗೆರೆ ಮೂಡಿಸಿಬಿಡುತ್ತದೆ, ಔಷಧಿ ಎಲ್ಲಕ್ಕೂ ಬೀಳುತ್ತದೆ. ಜೊತೆಗೆ ಅಲ್ಲಿನ ದೊಡ್ಡವರಿಗೆ ಜ್ವರವೇ ಬರುವುದಿಲ್ಲ, ಪರೀಕ್ಷೆಗೆ ಹೋಗುವುದೇ ಇಲ್ಲ. ಕಿಟ್‌ನ ಕತ್ತರಿ ಅವರ ರೋಗಾಣುಗಳ ಮೇಲೆ ಆಡುವುದೇ ಇಲ್ಲ. ಎರಿಟ್ರಿಯಾದಂಥ ಕಡೆ ನಿರೋಧಕ ಶಕ್ತಿ ಕಡಿಮೆ, ಸೋಂಕು ತಗುಲಿದ ಬಹುತೇಕ ಎಲ್ಲರೂ ಜ್ವರ ಬಂದು ಆಸ್ಪತ್ರೆಗೆ ಬರುತ್ತಾರೆ. ಜನರ ನಿರೋಧಕ ಶಕ್ತಿ ಎಷ್ಟಿದೆ ಅನ್ನುವುದರ ಮೇಲೆ ಕಿಟ್‌ನ ಭವಿಷ್ಯವೂ ನಿಂತಿದೆ! ಎರಿಟ್ರಿಯಾ ಬೇರೆ ಪ್ರೋಟೀನ್ ಹಿಡಿಯುವ ಕಿಟ್‌ಗೆ ಬದಲಾಯಿಸಿತು. ಈ ಕಾರಣಕ್ಕೆ ಶೇ. 5ಕ್ಕಿಂತ ಹೆಚ್ಚು ಪ್ರಕರಣ ತಪ್ಪಿಹೋಗುತ್ತಿದ್ದರೆ ಕಿಟ್ ಬದಲಾಯಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಈಗ ಹೇಳುತ್ತದೆ.

ಶಕ್ತಿ ಕುಂದಿದವರ ಟಿಬಿ

ಇಷ್ಟು ಹೊತ್ತು ನಿರೋಧಕ ಶಕ್ತಿ ಜಾಸ್ತಿಯಾದರೆ ಪರೀಕ್ಷೆ ಹೇಗೆ ದಾರಿ ತಪ್ಪುತ್ತದೆ ಅಂತ ನೋಡಿದೆವು. ದಕ್ಷಿಣ ಆಫ್ರಿಕಾದಲ್ಲಿ ಇದರ ಉಲ್ಟಾ ನಡೆಯಿತು. ಅಲ್ಲಿ ಟಿಬಿ ಮತ್ತು ಎಚ್‌ಐವಿ ಒಟ್ಟಿಗೆ ಸೇರಿಕೊಂಡವು. ಕಫ ಪರೀಕ್ಷೆಯಲ್ಲಿ ಟಿಬಿ ಕಾಣಬೇಕಾದರೆ ಶ್ವಾಸಕೋಶದಲ್ಲಿ ಗೂಡುಗಳಾಗಿ, ಅದರಿಂದ ಬ್ಯಾಕ್ಟೀರಿಯಾ ಕಫಕ್ಕೆ ಬರಬೇಕು. ಆ ಗೂಡು ಮಾಡುವುದು ಬ್ಯಾಕ್ಟೀರಿಯಾ ಒಂದೇ ಅಲ್ಲ, ಅದರ ಮೇಲೆ ಬಿದ್ದು ಹೋರಾಡುವ ನಮ್ಮದೇ ದೇಹ. ಎಚ್‌ಐವಿಯಿಂದ ಶಕ್ತಿ ಕುಂದಿದವರಲ್ಲಿ ಹೋರಾಟ ಇಲ್ಲ, ಗೂಡೂ ಇಲ್ಲ, ಕಫದಲ್ಲಿ ಏನೂ ಕಾಣುವುದಿಲ್ಲ. ತೋಳಿಗೆ ಸೂಜಿ ಚುಚ್ಚಿ ಊತ ಅಳೆಯುವ ಮಾಂಟೂ ಪರೀಕ್ಷೆಯೂ ಅವರಲ್ಲಿ ಕೈಕೊಡುತ್ತದೆ, ಯಾಕೆಂದರೆ ಆ ಊತವೇ ನಿರೋಧಕ ಶಕ್ತಿಯ ಕೆಲಸ. ಟಿಬಿ ಮೈತುಂಬ ಹರಡಿ ಜನ ಸಾಯುತ್ತಿದ್ದರು, ರಿಪೋರ್ಟ್ ಮಾತ್ರ ನೆಗೆಟಿವ್.

2010ರಲ್ಲಿ ಜೀನ್‌ಎಕ್ಸ್‌ಪರ್ಟ್ ಯಂತ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ಎರಡು ಗಂಟೆಯಲ್ಲಿ ಟಿಬಿಯ ಡಿಎನ್‌ಎ ಹುಡುಕಿಕೊಡುತ್ತದೆ. ಆದರೆ ಅದಕ್ಕೂ ಕಫ ಬೇಕು. ಹಾಸಿಗೆ ಹಿಡಿದವನಿಗೆ ಕೆಮ್ಮಿ ಕಫ ತೆಗೆಯುವ ತ್ರಾಣವೂ ಇರುವುದಿಲ್ಲ. ಆಗ ನೆರವಿಗೆ ಬಂದದ್ದು ಮೂತ್ರ. ಟಿಬಿ ಬ್ಯಾಕ್ಟೀರಿಯಾದ ಹೊರಗೋಡೆಯ ಒಂದು ಚೂರು, ಹೆಸರು ಲ್ಯಾಮ್, ಮೂತ್ರದಲ್ಲಿ ಇಳಿಯುತ್ತದೆ. ಅದನ್ನು ಹಿಡಿಯಲು ಒಂದು ಪಟ್ಟಿ ಸಾಕು. ಈ ಪಟ್ಟಿ ಗಟ್ಟಿಮುಟ್ಟಾದವರಲ್ಲಿ ಅಷ್ಟಕ್ಕಷ್ಟೆ. ಶಕ್ತಿ ತೀರಾ ಕುಂದಿದವರಲ್ಲೇ ಅದು ಚೆನ್ನಾಗಿ ಕೆಲಸ ಮಾಡುವುದು. ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ಪ್ರಯೋಗ ಮಾಡಿದಾಗ, ಎಂಟು ವಾರದೊಳಗಿನ ಸಾವು ಶೇ. 25ರಿಂದ 21ಕ್ಕೆ ಇಳಿಯಿತು. ಅದೂ ಒಂದು ಪಟ್ಟಿಯಿಂದ.

ಪ್ರತಿಕಾಯದ ನೆನಪು

ವಿಡಾಲ್ ಟೆಸ್ಟ್ ಗೊತ್ತಲ್ಲ? ಜ್ವರ ನಾಲ್ಕು ದಿನ ಬಿಡದಿದ್ದರೆ ನಮ್ಮ ಕಡೆ ಟೈಫಾಯ್ಡ್‌ಗೆ ಅಂತ ಬರೆದುಕೊಡುವುದು ಅದನ್ನೇ. ನಮ್ಮತ್ತೆಗೆ ಒಮ್ಮೆ ಅದು ಪಾಸಿಟಿವ್ ಬಂದು ಒಂದು ವಾರ ಬರೀ ಗಂಜಿ ಕುಡಿಸಿದ್ದರು. ಆಮೇಲೆ ನೋಡಿದರೆ ಡೆಂಗಿ. ವಿಡಾಲ್ ಹುಡುಕುವುದು ಟೈಫಾಯ್ಡ್ ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ದೇಹ ಮಾಡಿದ ಪ್ರತಿಕಾಯವನ್ನು. ಹಳೆಯ ಸೋಂಕಿನದು, ಅದರ ನೆಂಟರ ಸೋಂಕಿನದು, ಲಸಿಕೆಯದು, ಎಲ್ಲವೂ ಅದಕ್ಕೆ ಒಂದೇ. ಟೈಫಾಯ್ಡ್ ಸದಾ ಸುಳಿದಾಡುವ ಆಫ್ರಿಕಾದ ನಗರಗಳಲ್ಲೂ ಇದೇ ಗೋಳು.

ಪ್ರತಿಕಾಯ ಎರವಲು ಬಂದದ್ದೂ ಆಗಿರಬಹುದು. ಎಚ್‌ಐವಿ ಇರುವ ತಾಯಿಯ ಪ್ರತಿಕಾಯ ಮಾಸಿನ ಮೂಲಕ ಮಗುವಿಗೆ ದಾಟುತ್ತದೆ. ಮಗುವಿಗೆ ಸೋಂಕು ಇಲ್ಲದಿದ್ದರೂ ಮಾಮೂಲಿ ಕಿಟ್ ಪಾಸಿಟಿವ್ ಅನ್ನುತ್ತದೆ. ಅದಕ್ಕೇ 18 ತಿಂಗಳ ತನಕ ಕಿಟ್ ನಂಬದೆ, ವೈರಸ್ಸನ್ನೇ ಹುಡುಕುವ ಪಿಸಿಆರ್ ಮಾಡುತ್ತಾರೆ. ಕೋವಿಡ್ ಬಂದಾಗ ಬೆನಿನ್ ದೇಶದಲ್ಲಿ ಇನ್ನೊಂದು ತಮಾಷೆ ಆಯಿತು. ಕೋವಿಡ್ ಹುಟ್ಟುವ ಮೊದಲೇ ತೆಗೆದಿಟ್ಟಿದ್ದ ಜ್ವರದವರ ರಕ್ತವನ್ನು ಕೆಲವು ಪ್ರತಿಕಾಯ ಪರೀಕ್ಷೆಗಳಿಗೆ ಹಾಕಿದರೆ ಪಾಸಿಟಿವ್ ಬಂತು. ಮಲೇರಿಯಾ ಜ್ವರದ ಭರದಲ್ಲಿ ದೇಹ ಮಾಡುವ ಎಂತೆಂಥದೋ ಪ್ರತಿಕಾಯಗಳು ಆ ಪರೀಕ್ಷೆಗೂ ಅಂಟಿಕೊಂಡಿದ್ದವು. ಯುರೋಪಿನ ಜನರ ರಕ್ತದಲ್ಲಿ ಸರಿಹೊಂದಿಸಿದ ಪರೀಕ್ಷೆಯನ್ನು ಹಾಗೇ ತಂದು ಬಳಸಿದರೆ ಇಂಥದ್ದು ಆಗುತ್ತದೆ. ಎಲ್ಲಿಯ ಜನರಿಗೆ ಬಳಸುತ್ತೇವೋ ಅಲ್ಲಿಯ ಜನರ ರಕ್ತದಲ್ಲೇ ಪರೀಕ್ಷೆಯನ್ನು ಪರೀಕ್ಷಿಸಬೇಕು ಅಂತ ಆಫ್ರಿಕಾದ ಸಂಶೋಧಕರು ಪಟ್ಟು ಹಿಡಿಯುವುದು ಇದಕ್ಕೇ.

ಲಸಿಕೆಗೂ ಇದೇ ಮಾತು. ಟಿಬಿಯ ಬಿಸಿಜಿ ಲಸಿಕೆಯನ್ನು ಬ್ರಿಟನ್ನಿನ ಹದಿಹರೆಯದವರಿಗೂ ಮಲಾವಿಯವರಿಗೂ ಹಾಕಿ ಹೋಲಿಸಿದರು. ಬ್ರಿಟನ್ನಿನವರ ದೇಹ ಜೋರಾಗಿ ಪ್ರತಿಕ್ರಿಯಿಸಿತು, ಮಲಾವಿಯವರದು ಅಷ್ಟಾಗಿ ಇಲ್ಲ. ಮಲಾವಿಯವರಿಗೆ ಮಣ್ಣು ನೀರಿನಲ್ಲಿರುವ ಟಿಬಿಯ ದೂರದ ನೆಂಟರ ಪರಿಚಯ ಮೊದಲೇ ಆಗಿತ್ತು, ಲಸಿಕೆ ಹೊಸದಾಗಿ ಕಲಿಸುವುದು ಅಷ್ಟೇನೂ ಉಳಿದಿರಲಿಲ್ಲ. ನಮ್ಮ ಪಕ್ಕದ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಶುರುವಾದ ಭಾರಿ ಪ್ರಯೋಗದಲ್ಲೂ ಬಿಸಿಜಿ ದೊಡ್ಡವರ ಶ್ವಾಸಕೋಶದ ಟಿಬಿಯನ್ನು ತಡೆಯಲಿಲ್ಲ. ಅದಕ್ಕೂ ಇದೇ ಕಾರಣವನ್ನು ಹಲವರು ಮುಂದಿಡುತ್ತಾರೆ. ಮಲೇರಿಯಾ ಲಸಿಕೆಗಳನ್ನು ಆಫ್ರಿಕಾದ ಮಕ್ಕಳಲ್ಲೇ ವರ್ಷಗಟ್ಟಲೆ ಪರೀಕ್ಷಿಸಿದ್ದು ಸುಮ್ಮನೆ ಅಲ್ಲ. 2021ರಲ್ಲಿ ಆರ್‌ಟಿಎಸ್,ಎಸ್‌ಗೆ, 2023ರಲ್ಲಿ ಆರ್21ಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಸಿಕ್ಕಿತು. ಎರಡನೆಯದನ್ನು ತಯಾರಿಸುವುದು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್.

ಆ ಏಳು ಮಕ್ಕಳು

ಬ್ಲಾಂಟೈರ್‌ಗೆ ವಾಪಸ್ ಹೋಗೋಣ. ರಕ್ತದಲ್ಲಿ ರೋಗಾಣು ಎಲ್ಲ ಮಕ್ಕಳಲ್ಲೂ ಇತ್ತು. ಜ್ವರ ಇತ್ತು, ಪ್ರಜ್ಞೆ ಇರಲಿಲ್ಲ. ಬದುಕಿದ್ದಾಗಲೇ ಆ ಏಳು ಮಕ್ಕಳನ್ನು ಬೇರೆ ಮಾಡಿ ಗುರುತಿಸಲು ಏನಾದರೂ ದಾರಿ ಇತ್ತಾ?

ಒಂದಿತ್ತು. ಕಣ್ಣು. ಕಣ್ಣಿನ ಹಿಂಭಾಗದ ಅಕ್ಷಿಪಟಲ ಅಂದರೆ ಮಿದುಳಿನದ್ದೇ ಒಂದು ತುಂಡು ಮುಂದಕ್ಕೆ ಚಾಚಿಕೊಂಡದ್ದು. ಮಿದುಳಿನ ನಾಳಗಳಲ್ಲಿ ಆಗುವುದೇ ಅಲ್ಲಿನ ನಾಳಗಳಲ್ಲೂ ಆಗುತ್ತದೆ. ದೇಹ ಕೊಯ್ಯದೆ ಮಿದುಳಿನಂಥದೇ ರಕ್ತನಾಳವನ್ನು ನೇರವಾಗಿ ನೋಡಬಹುದಾದ ಜಾಗ ಅದೊಂದೇ. ರೋಗಾಣು ನಿಜಕ್ಕೂ ಮಿದುಳಿನಲ್ಲಿ ಅಂಟಿ ಕೂತಿದ್ದರೆ ಅಕ್ಷಿಪಟಲ ಅಲ್ಲಲ್ಲಿ ಬಿಳುಚಿಕೊಂಡಿರುತ್ತದೆ, ನಾಳಗಳ ಬಣ್ಣ ಕೆಂಪಿನಿಂದ ಕಿತ್ತಳೆಗೋ ಬಿಳಿಗೋ ತಿರುಗಿರುತ್ತದೆ, ನಡುವೆ ಬಿಳಿ ಚುಕ್ಕೆ ಇರುವ ರಕ್ತದ ಕಲೆಗಳಿರುತ್ತವೆ. ಶವಪರೀಕ್ಷೆಯ ಫಲಿತಾಂಶದ ಜೊತೆ ತಾಳೆ ನೋಡಿದಾಗ, ಮಲೇರಿಯಾದ ಕೋಮಾವನ್ನು ಬೇರೆ ಕೋಮಾದಿಂದ ಬೇರ್ಪಡಿಸಿದ ಲಕ್ಷಣ ಇದೊಂದೇ ಆಗಿತ್ತು.

ಈಗ ಅಲ್ಲಿ ಪ್ರಜ್ಞೆ ಇಲ್ಲದ ಮಗು ಬಂದರೆ ರಕ್ತ ತೆಗೆಯುವುದರ ಜೊತೆಗೆ ಕಣ್ಣಿಗೆ ಪಾಪೆ ಹಿಗ್ಗುವ ಹನಿ ಹಾಕುತ್ತಾರೆ. ಪಾಪೆ ಹಿಗ್ಗಿದ ಮೇಲೆ ಡಾಕ್ಟರು ಕಣ್ಣಿನ ಹಿಂಭಾಗಕ್ಕೆ ಬೆಳಕು ಹಾಯಿಸಿ ನೋಡುತ್ತಾರೆ. ಕಿಟ್‌ನಲ್ಲಿ ಎರಡು ಗೆರೆ ಇದ್ದು, ಅಕ್ಷಿಪಟಲ ಮಾತ್ರ ತಿಳಿಯಾಗಿದ್ದರೆ, ಮಲೇರಿಯಾ ಔಷಧಿ ಹನಿಯುತ್ತಿರುವಾಗಲೇ ಬೇರೆ ಕಾರಣ ಹುಡುಕಲು ಶುರು ಮಾಡುತ್ತಾರೆ.